ಅಂಗಡಿಯ ಕಸಕ್ಕೂ ಒಂದು ಲೆಕ್ಕದ ಪುಸ್ತಕ

(ದಾವಣಗೆರೆಯಲ್ಲಿ ಹೋಟೆಲ್, ಖಾನಾವಳಿ ಮತ್ತು ಅಂಗಡಿ ಮಾಲೀಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವ್ಯಾಪಾರದ ಹೊತ್ತಿನಲ್ಲಿ ಗಲ್ಲಾ ಬೇರೆಯವರ ಕೈಗೆ ಕೊಟ್ಟು ಬಂದಿದ್ದೀರಿ. ಹಾಗಾಗಿ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ಇವತ್ತು ನಿಮ್ಮ ಅಂಗಡಿಗೆ ಎಷ್ಟು ಸರಕು ಬಂತು ಅಂತ ಕೇಳಿದರೆ ಥಟ್ಟನೆ ಹೇಳುತ್ತೀರಿ. ಎಷ್ಟು ಮೂಟೆ ಅಕ್ಕಿ, ಎಷ್ಟು ಕೆ.ಜಿ. ಬೆಣ್ಣೆ, ಎಷ್ಟು ಡಬ್ಬ ಎಣ್ಣೆ, ಎಷ್ಟು ಬಂಡಲ್ ಬಟ್ಟೆ, ಎಲ್ಲಕ್ಕೂ ಬಿಲ್ ಇದೆ, ಪುಸ್ತಕ ಇದೆ. ಇವತ್ತು ಎಷ್ಟು ಕಸ ಹೊರಗೆ ಹೋಯಿತು ಅಂತ ಕೇಳಿದರೆ? "ಎರಡು ಡ್ರಮ್ ಆಗಬಹುದು", "ಒಂದು ಚೀಲ ಇರ್ತದೆ ನೋಡಿ" ಅನ್ನುವ ಉತ್ತರ ಬರುತ್ತದೆ. ಅದರೊಳಗೆ ಏನೇನಿತ್ತು, ಯಾರು ಒಯ್ದರು, ಎಲ್ಲಿಗೆ ಹೋಯಿತು ಅಂದರೆ ಅದೂ ಗೊತ್ತಿಲ್ಲ. ಆ ಚೀಲದಲ್ಲಿ ಇದ್ದದ್ದೆಲ್ಲ ನೀವು ದುಡ್ಡು ಕೊಟ್ಟು ತಂದದ್ದೇ ಅಲ್ವಾ? ಕೊಳೆತ ಟೊಮೆಟೊಗೂ ದುಡ್ಡು ಕೊಟ್ಟಿದ್ದೀರಿ. ಸರಕು ತುಂಬಿ ಬಂದ ರಟ್ಟಿನ ಡಬ್ಬದ ಬೆಲೆಯೂ ಬಿಲ್ಲಿನೊಳಗೇ ಸೇರಿದೆ.

ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಒಳಗೆ ಬರುವ ಸರಕಿಗೆ ಇಟ್ಟ ಹಾಗೇ ಹೊರಗೆ ಹೋಗುವ ಕಸಕ್ಕೂ ತೂಕ ಇಡಿ, ಲೆಕ್ಕ ಇಡಿ. ಒಂದೊಂದು ಅಂಗಡಿಯವರು ಬೇರೆ ಬೇರೆ ಒದ್ದಾಡುವ ಬದಲು ಇಡೀ ಬೀದಿಯವರು ಸೇರಿ ಇಡಿ. ಇನ್ನು ಮುಂದೆ ಹೇಳುವುದೆಲ್ಲ ಇದರ ವಿವರ.

ಪೇಟೆಯ ಕಸದ ತೊಡಕು ಶುರುವಾಗುವುದೇ ಹೊತ್ತಿನಿಂದ. ಕಸದ ಗಾಡಿ ಮನೆಗಳ ಹೊತ್ತಿಗೆ ಹೊಂದಿಕೊಂಡಿದೆ, ಬೆಳಿಗ್ಗೆ ಬರುತ್ತದೆ. ಆಗ ಚೌಕಿಪೇಟೆಯಲ್ಲಿ, ಕಾಳಿಕಾದೇವಿ ರಸ್ತೆಯಲ್ಲಿ ಬಹಳಷ್ಟು ಅಂಗಡಿಗಳ ಶಟರ್ ಇನ್ನೂ ಎದ್ದಿರುವುದಿಲ್ಲ. ಅಂಗಡಿ ತೆಗೆಯುವ ಹೊತ್ತಿಗೆ ಗಾಡಿ ಮುಂದಕ್ಕೆ ಹೋಗಿರುತ್ತದೆ. ದಿನವಿಡೀ ಕಸ ಸೇರುತ್ತದೆ. ರಾತ್ರಿ ಬಾಗಿಲು ಹಾಕುವಾಗ ಅದನ್ನು ಒಳಗೆ ಇಟ್ಟರೆ ಇಲಿ, ಹೆಗ್ಗಣ, ವಾಸನೆ. ಹೊರಗೆ ಇಟ್ಟರೆ ಬ್ಲಾಕ್ ಸ್ಪಾಟ್, ಅಂದರೆ ಬೀದಿ ಬದಿಯಲ್ಲಿ ಕಸ ಗುಡ್ಡೆ ಬೀಳುವ ಜಾಗ. ಅಂಗಡಿಯವರು ಹೊರಗೇ ಇಡುತ್ತಾರೆ. ರಾತ್ರಿ ನಾಯಿ, ಬಿಡಾಡಿ ದನ ಬಂದು ಚೀಲ ಹರಿಯುತ್ತವೆ. ಗಂಟು ಹಾಕಿದ ಕವರಿನಲ್ಲಿ ಅನ್ನ, ಚಟ್ನಿ ವಾಸನೆ ಬಂದರೆ ದನ ಕವರ್ ಬಿಚ್ಚಿ ತಿನ್ನುವುದಿಲ್ಲ, ಕವರ್ ಸಮೇತ ನುಂಗುತ್ತದೆ. ಆ ಪ್ಲಾಸ್ಟಿಕ್ ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ, ಮೆಲುಕಿಗೂ ಬರುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಗಡ್ಡೆ ಕಟ್ಟುತ್ತದೆ. ಇದು ನಮ್ಮ ಬೀದಿಯಲ್ಲಿ ನಮ್ಮ ಕಣ್ಣೆದುರೇ ಆಗುವ ಹಿಂಸೆ.

ಬೆಳಿಗ್ಗೆ ಪೌರಕಾರ್ಮಿಕರು ಬಂದು ಅದನ್ನೆಲ್ಲ ಕೈಯಿಂದ ಬಾಚುತ್ತಾರೆ. ಅದರಲ್ಲಿ ಒಡೆದ ಗ್ಲಾಸ್ ಇರುತ್ತದೆ, ಸಲೂನಿನ ಬ್ಲೇಡ್ ಇರುತ್ತದೆ. ಇದನ್ನು ನಾನು ಸುಮ್ನೆ ಕರುಣೆ ಹುಟ್ಟಿಸಲು ಹೇಳುತ್ತಿಲ್ಲ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು ಬೇರೆ ಕೊಡಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಉಳಿಸಿಕೊಂಡದ್ದಕ್ಕೆ ಇನ್ನೊಬ್ಬರ ಕೈ ಸೀಳುತ್ತದೆ. ಇದನ್ನು ನಾಳೆಯಿಂದಲೇ ನಿಲ್ಲಿಸಬಹುದು. ಇದಕ್ಕೆ ಯಾವ ಯೋಜನೆಯೂ ಬೇಡ, ಯಾರ ಅನುಮತಿಯೂ ಬೇಡ.

ಇಲ್ಲಿಂದ ಹೊರಟ ಕಸ ಎಲ್ಲಿಗೆ ಹೋಗುತ್ತದೆ? ಆವರಗೊಳ್ಳದ ಕಡೆಗೆ. ಅಲ್ಲಿ ಕಸದ ಘಟಕ ಇದೆ, ಅಕ್ಕಪಕ್ಕ ಊರೂ ಇದೆ, ಹೊಲವೂ ಇದೆ. ಹಸಿ ಕಸದಲ್ಲಿ ಮುಕ್ಕಾಲು ಪಾಲು ಬರೀ ನೀರು. ಅಂದರೆ 100 ಕೆ.ಜಿ. ಹೋಟೆಲ್ ಕಸ ಸಾಗಿಸಿದರೆ 70 ಕೆ.ಜಿ.ಗೂ ಜಾಸ್ತಿ ನೀರನ್ನೇ ಡೀಸೆಲ್ ಸುಟ್ಟು ಸಾಗಿಸಿದ ಹಾಗಾಯಿತು. ಅಲ್ಲಿ ಅದು ಪ್ಲಾಸ್ಟಿಕ್ ಜೊತೆ ಬೆರೆತು ರಾಶಿಯಾದರೆ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಭೂಮಿಯ ಬಿಸಿ ಏರಿಸುವುದರಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ನೂರು ವರ್ಷದ ಲೆಕ್ಕದಲ್ಲಿ ಸುಮಾರು 28 ಪಟ್ಟು ಜೋರು. ಬೇಸಿಗೆಯಲ್ಲಿ ಕಸದ ಗುಡ್ಡೆಗಳಿಗೆ ಬೆಂಕಿ ಬಿದ್ದು ಆರದೇ ಉರಿಯುವುದಕ್ಕೆ ಇದೂ ಒಂದು ಕಾರಣ. ಕೆಳಗಿನಿಂದ ಕಪ್ಪು ನೀರು ಇಳಿದು ಬಾವಿ, ಬೋರಿಗೆ ಸೇರುತ್ತದೆ.

ಗುಡ್ಡೆ ದೊಡ್ಡದಾದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ರಾಶಿಯೇ ಜಾರಿ, ಕೆಳಗಿದ್ದ ಮಂದಾರ ಎಂಬಲ್ಲಿನ ಮನೆ, ತೋಟಗಳ ಮೇಲೆ ಬಂತು. ಜನ ಊರು ಬಿಡಬೇಕಾಯಿತು. ಬೆಂಗಳೂರಿನ ಕಸ ಹೊತ್ತು ಹೊತ್ತು ಬೇಸತ್ತ ಮಂಡೂರಿನವರು ಹೋರಾಡಿ, 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ಪೇಟೆಯವರು "ಊರಾಚೆ" ಅನ್ನುವ ಜಾಗ ಇನ್ನೊಬ್ಬರಿಗೆ ಊರೇ ಆಗಿರುತ್ತದೆ.

ಕಾನೂನಿನ ಮಾತು ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. 1996ರಲ್ಲಿ ಅಲ್ಮಿತ್ರಾ ಪಟೇಲ್ ಅನ್ನುವ ಎಂಜಿನಿಯರ್, ಬೆಂಗಳೂರಿನವರು, ಸುಪ್ರೀಂ ಕೋರ್ಟಿನಲ್ಲಿ ಕಸದ ಬಗ್ಗೆ ಅರ್ಜಿ ಹಾಕಿದರು. ಅದರ ಫಲವಾಗಿ 2000ದಲ್ಲಿ ದೇಶಕ್ಕೆ ಮೊದಲ ನಗರ ಕಸದ ನಿಯಮ ಬಂತು. 2016ರಲ್ಲಿ ಅದನ್ನು ಬದಲಿಸಿ, ಕಸವನ್ನು ಹುಟ್ಟುವ ಜಾಗದಲ್ಲೇ ಬೇರೆ ಮಾಡಬೇಕು ಅಂದರು. 2026ರ ಏಪ್ರಿಲ್ 1ರಿಂದ ಹೊಸ ನಿಯಮ ಬಂದು, ಹಸಿ ಕಸ, ಒಣ ಕಸ, ಡೈಪರ್-ಪ್ಯಾಡಿನಂಥ ನೈರ್ಮಲ್ಯದ ಕಸ, ಬಲ್ಬು-ಬಣ್ಣದ ಡಬ್ಬ-ಹಳೆ ಔಷಧಿಯಂಥ ವಿಶೇಷ ಎಚ್ಚರಿಕೆಯ ಕಸ ಅಂತ ನಾಲ್ಕು ಭಾಗ ಮಾಡಿದ್ದಾರೆ. ವ್ಯಾಪಾರಿಗಳು ನೆನಪಿಡಬೇಕಾದ ಅಂಕಿ 100. ದಿನಕ್ಕೆ 100 ಕೆ.ಜಿ. ಅಥವಾ ಜಾಸ್ತಿ ಕಸ ಹುಟ್ಟುವ ಜಾಗ ದೊಡ್ಡ ಪ್ರಮಾಣದ ಉತ್ಪಾದಕರ ಪಟ್ಟಿಗೆ ಸೇರುತ್ತದೆ. ಅವರ ಹಸಿ ಕಸದ ಜವಾಬ್ದಾರಿ ಜಾಸ್ತಿ ಅವರದೇ. ದೊಡ್ಡ ಹೋಟೆಲ್‌ಗಳು, ಮದುವೆ ಸೀಸನ್ನಿನಲ್ಲಿ ಕಲ್ಯಾಣ ಮಂಟಪಗಳು ಈ ಅಂಕಿ ದಾಟುವುದು ಕಷ್ಟವೇನಲ್ಲ. ನೀವು ದಾಟುತ್ತೀರೋ ಇಲ್ಲವೋ ಅಂತ ತಿಳಿಯುವುದು ಹೇಗೆ? ತೂಗಬೇಕು. ತೂಕದ ಮಾತು ಅದಕ್ಕೇ ಎತ್ತಿದ್ದು.

ಇನ್ನು ಅಡುಗೆಮನೆಗೆ ಬರೋಣ. ಇಲ್ಲಿ ಹೇಳುವುದು ಬಹಳ ಇದೆ. ದಾವಣಗೆರೆ ಅಂದರೆ ಬೆಣ್ಣೆ ದೋಸೆ, ಮಿರ್ಚಿ ಮಂಡಕ್ಕಿ. ಹೊರಗಿನವರು ಊರಿಗೆ ಬಂದರೆ ಮೊದಲು ಕೇಳುವುದೇ ಅದನ್ನು. ಹಾಗಾಗಿ ನಮ್ಮ ಪೇಟೆಯ ಕಸದಲ್ಲಿ ಎಂಜಲು, ಎಣ್ಣೆ, ಕಾಗದದ ಪೊಟ್ಟಣ ಜಾಸ್ತಿ.

ಎಣ್ಣೆಯ ಮಾತು ಮೊದಲು. ಮಿರ್ಚಿ ಬಾಣಲೆಯ ಎಣ್ಣೆ ಮತ್ತೆ ಮತ್ತೆ ಕಾದರೆ ಒಡೆದು, ಒಳಗೆ ಪೋಲಾರ್ ಕಾಂಪೌಂಡ್ ಅನ್ನುವ ವಸ್ತುಗಳು ಸೇರುತ್ತಾ ಹೋಗುತ್ತವೆ. ಅವು 25 ಪರ್ಸೆಂಟ್ ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ, ನಿಮ್ಮ ಲೈಸೆನ್ಸ್ ಮೇಲೆ ಹೆಸರಿರುವ ಎಫ್‌ಎಸ್‌ಎಸ್‌ಎಐ, 2018ರ ಜುಲೈ 1ರಿಂದ ನಿಯಮ ಮಾಡಿದೆ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಕರಿಯಲು ಬಳಸುವವರು ರಿಜಿಸ್ಟರ್ ಇಡಬೇಕು. ಯಾವ ಎಣ್ಣೆ, ಎಷ್ಟು ಬಳಸಿದೆವು, ಎಷ್ಟು ತೆಗೆದು ಹಾಕಿದೆವು, ಯಾವತ್ತು, ಯಾರಿಗೆ ಕೊಟ್ಟೆವು, ಅಷ್ಟೂ ಬರೆಯಬೇಕು. ಕೊಡುವುದು ನೋಂದಾಯಿತ ಸಂಗ್ರಹಕಾರರಿಗೇ. ಅವರು ಅದನ್ನು ಬಯೋಡೀಸೆಲ್ ಮಾಡುವವರಿಗೆ ಮುಟ್ಟಿಸುತ್ತಾರೆ. ಈ ಯೋಜನೆಗೆ ರುಕೋ ಅಂತ ಹೆಸರು.

ಈಗ ಏನಾಗುತ್ತಿದೆ? ಕಪ್ಪಾದ ಎಣ್ಣೆ ಸಣ್ಣ ಗಾಡಿಯವರಿಗೆ ಕಡಿಮೆ ಬೆಲೆಗೆ ಹೋಗಿ ಮತ್ತೆ ಬಾಣಲೆಗೆ ಬೀಳುವುದುಂಟು. ಇಲ್ಲವೇ ಚರಂಡಿಗೆ ಹೋಗುತ್ತದೆ. ಚರಂಡಿಯಲ್ಲಿ ತಣ್ಣಗಾದ ಜಿಡ್ಡು ಗೋಡೆಗೆ ಅಂಟಿ, ಅದಕ್ಕೆ ಅನ್ನ, ಕವರ್ ಸಿಕ್ಕಿಕೊಂಡು, ಮೊದಲ ಜೋರು ಮಳೆಗೆ ನಿಮ್ಮ ಅಂಗಡಿ ಮುಂದೆಯೇ ನೀರು ಉಕ್ಕುತ್ತದೆ. 50 ಲೀಟರ್ ಬಳಸದ ಸಣ್ಣ ಬಂಡಿಯವರಿಗೆ ರಿಜಿಸ್ಟರ್ ಕಡ್ಡಾಯ ಇಲ್ಲ ಅನ್ನುವುದು ನಿಜ. ಆದರೆ 25 ಪರ್ಸೆಂಟಿನ ಮಿತಿ ಎಲ್ಲರಿಗೂ ಇದೆ. ರಾಮ್ ಅಂಡ್ ಕೋ ಸರ್ಕಲ್ ಸುತ್ತಮುತ್ತ ಸಂಜೆ ಕರಿಯುವವರೆಲ್ಲ ಸೇರಿ ಒಂದು ಮುಚ್ಚಳದ ಡ್ರಮ್ ಇಟ್ಟುಕೊಂಡರೆ, ಒಬ್ಬ ಸಂಗ್ರಹಕಾರ ಅದಕ್ಕೋಸ್ಕರ ಬರುವಷ್ಟು ಎಣ್ಣೆ ಆಗುತ್ತದೆ. ಒಬ್ಬರ ಎರಡು ಲೀಟರಿಗೆ ಯಾರೂ ಗಾಡಿ ತಿರುಗಿಸುವುದಿಲ್ಲ. ಎಣ್ಣೆ ಕೊಟ್ಟದ್ದಕ್ಕೆ ನಿಮಗೆ ದುಡ್ಡೂ ಬರುತ್ತದೆ. ತಿನ್ನುವವರ ಆರೋಗ್ಯ ಉಳಿಯುವುದಂತೂ ಅದಕ್ಕಿಂತ ದೊಡ್ಡದು. ಬಂಡಿ ಮುಂದೆ ನಿಂತು ಮಿರ್ಚಿ ತಿನ್ನುವುದು ನಮ್ಮ ನಿಮ್ಮ ಮಕ್ಕಳೇ.

ಅದೇ ಮಾತು ಪೇಪರಿಗೂ. ಬಿಸಿ ಮಿರ್ಚಿ, ಮಂಡಕ್ಕಿಯನ್ನು ಹಳೇ ದಿನಪತ್ರಿಕೆಯಲ್ಲಿ ಕಟ್ಟುವುದು ನಿಲ್ಲಬೇಕು. ಮುದ್ರಣದ ಶಾಯಿಯಲ್ಲಿರುವ ರಾಸಾಯನಿಕ, ಸೀಸದಂಥ ಲೋಹ ಎಣ್ಣೆಗೆ ಇಳಿಯುತ್ತವೆ. ಆಹಾರಕ್ಕೆ ದಿನಪತ್ರಿಕೆ ಸುತ್ತಬಾರದು ಅಂತ ನಿಯಮವೇ ಇದೆ. ಕಸದ ಲೆಕ್ಕದಲ್ಲೂ ಅದು ನಷ್ಟ. ಒಣಗಿದ ಪೇಪರ್ ರದ್ದಿಗೆ ಹೋಗಿ ಮತ್ತೆ ಕಾಗದ ಆಗುತ್ತದೆ. ಎಣ್ಣೆ ಕುಡಿದ ಪೇಪರ್ ಯಾವ ಗುಜರಿಯವನಿಗೂ ಬೇಡ. ಅದರ ಬದಲು ಮುತ್ತುಗದ ಎಲೆ, ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ಬಳಸಬಹುದು. ಇವು ನೇರ ಗೊಬ್ಬರಕ್ಕೆ ಹೋಗುತ್ತವೆ. ಕುಳಿತು ತಿನ್ನುವವರಿಗೆ ಸ್ಟೀಲ್ ತಟ್ಟೆ ಎಲ್ಲಕ್ಕಿಂತ ಮೇಲು.

ಚಹಾದ ಪೇಪರ್ ಕಪ್ಪಿನ ಬಗ್ಗೆ ಬಹಳ ಜನ ತಪ್ಪು ತಿಳಿದಿದ್ದಾರೆ. ಅದರ ಒಳಮೈಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಚಹಾ ಸೋರುತ್ತಿತ್ತು. ಕಾಗದ ಅಂತ ರದ್ದಿಯವನು ತೆಗೆದುಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಅಂತಲೂ ಯಾರೂ ಕೊಳ್ಳುವುದಿಲ್ಲ. ಗಾಜಿನ ಲೋಟ, ಬಿಸಿ ನೀರು, ತೊಳೆಯುವ ಒಬ್ಬ ಹುಡುಗ, ಇಷ್ಟಿದ್ದರೆ ಆ ಕಸ ಹುಟ್ಟುವುದೇ ಇಲ್ಲ. ದಿನವಿಡೀ ಜನ ಬರುವ ಚಹಾ ಅಂಗಡಿಗೆ ಕಪ್ಪಿನ ಖರ್ಚು ಲೆಕ್ಕ ಹಾಕಿ ನೋಡಿ, ಲೋಟವೇ ಅಗ್ಗ ಬೀಳುತ್ತದೆ.

ಹಸಿ ಕಸಕ್ಕೆ ಬರುತ್ತೇನೆ. ಮೊದಲೆಲ್ಲ ಹೋಟೆಲ್ ಮುಸುರೆಯನ್ನು ದನ ಸಾಕುವವರು ಬಕೆಟ್ ತಂದು ಒಯ್ಯುತ್ತಿದ್ದರು. ಈಗಲೂ ಕೆಲವು ಕಡೆ ಹಂದಿ ಸಾಕುವವರು ಒಯ್ಯುತ್ತಾರೆ. ಅದು ಕೆಟ್ಟ ದಾರಿಯಲ್ಲ. ಆದರೆ ಮುಸುರೆಯಲ್ಲಿ ಕವರ್, ಟೂತ್‌ಪಿಕ್, ಸ್ಟೇಪಲ್ ಪಿನ್ ಇರಬಾರದು. ಹಂದಿಗೆ ಹಾಕುವವರು ಚೆನ್ನಾಗಿ ಕುದಿಸಿಯೇ ಹಾಕಬೇಕು, ಇಲ್ಲದಿದ್ದರೆ ಹಂದಿ ಜ್ವರದಂಥ ರೋಗ ಹರಡುತ್ತದೆ. ಉಳಿದದ್ದಕ್ಕೆ ಎರಡು ದಾರಿ, ಗೊಬ್ಬರ ಇಲ್ಲವೇ ಕಸ ಕೊಳೆಸಿ ತೆಗೆಯುವ ಉರಿಯುವ ಗ್ಯಾಸ್.

ಗೊಬ್ಬರ ಮಾಡಿ ಕೈಬಿಟ್ಟವರು ಇಲ್ಲೂ ಇದ್ದೀರಿ. "ವಾಸನೆ ಬಂತು, ಹುಳ ಆಯ್ತು, ಪಕ್ಕದವರು ಜಗಳಕ್ಕೆ ಬಂದರು" ಅನ್ನುತ್ತೀರಿ. ಹಾಗಾಗುವುದಕ್ಕೆ ಕಾರಣ ಹೆಚ್ಚಾಗಿ ನೀರು. ಸಾಂಬಾರು, ಮಜ್ಜಿಗೆ, ತೊಳೆದ ನೀರಿನ ಸಮೇತ ಸುರಿದರೆ ಗಾಳಿ ಸಿಗದೆ ಗಬ್ಬು ನಾರುತ್ತದೆ. ಮೊದಲು ಜಾಲರಿಯಲ್ಲಿ ನೀರು ಬಸಿಯಬೇಕು. ಆಮೇಲೆ ಒಣಗಿದ ಏನಾದರೂ ಬೆರೆಸಬೇಕು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಸುಮಾರು 30 ಪಟ್ಟು ಇಂಗಾಲ ಬೇಕು. ಅನ್ನ, ತರಕಾರಿಯಲ್ಲಿ ಅಷ್ಟು ಇಂಗಾಲ ಇರುವುದಿಲ್ಲ. ಒಣಗಿದ ಎಲೆ, ಮರದ ಪುಡಿ, ತೆಂಗಿನ ನಾರಿನ ಪುಡಿ, ಕಬ್ಬಿನ ಹಾಲಿನ ಅಂಗಡಿಯ ಸಿಪ್ಪೆ ಒಣಗಿಸಿ ಚೂರು ಮಾಡಿದ್ದು, ಇವು ಅದನ್ನು ತುಂಬುತ್ತವೆ. ನಮ್ಮಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ ಅಂತ ಅದನ್ನೇ ಸುರಿಯಬೇಡಿ. ಅದರಲ್ಲಿ ಸಿಲಿಕಾ ಜಾಸ್ತಿ, ಬೇಗ ಕರಗುವುದಿಲ್ಲ. ಸ್ವಲ್ಪ ಹಾಕಿದರೆ ಗಾಳಿಯಾಡಲು ಒಳ್ಳೆಯದು, ಅಷ್ಟೇ. ಸರಿಯಾಗಿ ಕೂಡಿಸಿದ ರಾಶಿ ಎರಡು ಮೂರು ದಿನದಲ್ಲಿ ಕೈ ಇಡಲಾಗದಷ್ಟು ಬಿಸಿ ಏರುತ್ತದೆ, 55 ಡಿಗ್ರಿಯ ಮೇಲೆ. ಆ ಬಿಸಿಗೆ ರೋಗಾಣು, ಹುಳದ ಮೊಟ್ಟೆ ಎಲ್ಲ ಸಾಯುತ್ತವೆ. ವಾಸನೆ ಬರುತ್ತಿದೆ ಅಂದರೆ ಒಣ ಪುಡಿ ಕಮ್ಮಿಯಾಗಿದೆ ಅಂತ ತಿಳಿದು ಇನ್ನಷ್ಟು ಹಾಕಿ ತಿರುವಿ ಹಾಕಿ. ಹೀಗೆ ತಯಾರಾದ ಗೊಬ್ಬರವನ್ನು ಭದ್ರಾ ನಾಲೆಯ ಅಚ್ಚುಕಟ್ಟಿನ ಹೊಲಗಳಿಗೆ ಕೊಡಬಹುದು. ಅಲ್ಲಿಂದ ಬಂದ ಅಕ್ಕಿಯ ಅನ್ನವನ್ನೇ ನಾವು ದಿನಾ ಬಡಿಸುವುದು.

ಜಾಗ ಇಲ್ಲದ ಪೇಟೆಗೆ ಗ್ಯಾಸ್ ದಾರಿ ಇನ್ನೂ ಚೆನ್ನ. ಅದಕ್ಕೆ ದಿನಾ ಒಂದೇ ಸಮನಾಗಿ, ಪ್ಲಾಸ್ಟಿಕ್ ಇಲ್ಲದ ಹಸಿ ಕಸ ಬೇಕು. ಘಟಕ ಚೆನ್ನಾಗಿ ನಡೆದರೆ ಸುಮಾರು 500 ಕೆ.ಜಿ. ಅಡುಗೆಮನೆ ಕಸದಿಂದ ಹೆಚ್ಚೂ ಕಡಿಮೆ 19 ಕೆ.ಜಿ.ಯ ಒಂದು ಕಮರ್ಷಿಯಲ್ ಸಿಲಿಂಡರಿನಷ್ಟು ಉರಿ ಸಿಗುತ್ತದೆ. ಒಂದು ಹೋಟೆಲಿನಿಂದ 500 ಕೆ.ಜಿ. ಬರುವುದಿಲ್ಲ. ಹತ್ತು ಹೋಟೆಲ್, ಖಾನಾವಳಿ, ಜೊತೆಗೆ ಕೆ.ಆರ್. ಮಾರ್ಕೆಟ್ಟಿನ ತರಕಾರಿ ಸೇರಿದರೆ ಬರುತ್ತದೆ. ಇಂದೋರಿನಲ್ಲಿ 2022ರ ಫೆಬ್ರವರಿಯಲ್ಲಿ ಶುರುವಾದ ಘಟಕ ದಿನಕ್ಕೆ 550 ಟನ್ ಹಸಿ ಕಸ ತೆಗೆದುಕೊಂಡು ಬಸ್ಸಿಗೆ ಹಾಕುವ ಸಿಎನ್‌ಜಿ ಕೊಡುವ ಹಾಗೆ ಕಟ್ಟಿದ್ದು. ಅಂಥ ದೊಡ್ಡ ಯಂತ್ರ ನಮಗೆ ಬೇಡ. ನಾವು ಕಲಿಯಬೇಕಾದ್ದು ಬೇರೆ. ಅಲ್ಲಿ ಮನೆ, ಅಂಗಡಿಗಳಿಂದಲೇ ಕಸ ಬೇರೆಯಾಗಿ ಬರುತ್ತದೆ, ಅದಕ್ಕೇ ಯಂತ್ರ ಓಡುತ್ತದೆ. ಎಷ್ಟೋ ಊರುಗಳಲ್ಲಿ ಕೋಟಿಗಟ್ಟಲೆ ಸುರಿದು ತಂದ ಯಂತ್ರದ ಹಲ್ಲಿಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಅದು ಮೂಲೆ ಸೇರಿದೆ.

ಒಣ ಕಸದ ಕಡೆ ಬಂದರೆ, ಬಟ್ಟೆ ಅಂಗಡಿಯವರ ಕೆಲಸ ಸುಲಭ. ಸುತ್ತಲಿನ ಜಿಲ್ಲೆಗಳಿಂದ ಮದುವೆ ಜವಳಿಗೆ ಜನ ಇಲ್ಲಿಗೇ ಬರುತ್ತಾರೆ. ಪ್ರತಿ ಸೀರೆ, ಅಂಗಿಯ ಜೊತೆ ಒಂದು ತೆಳು ಪಾರದರ್ಶಕ ಕವರ್ ಬರುತ್ತದೆ. ಅದು ಚೊಕ್ಕಟವಾಗಿದ್ದರೆ ಮರುಬಳಕೆಗೆ ಒಳ್ಳೆಯ ಮಾಲು. ಅದೇ ಕವರ್ ತಿಂಡಿ ಪೊಟ್ಟಣದ ಜೊತೆ ಒಂದೇ ಬುಟ್ಟಿಗೆ ಬಿದ್ದರೆ ಯಾರೂ ಮುಟ್ಟುವುದಿಲ್ಲ. ರಟ್ಟಿನ ಡಬ್ಬದ ಕಥೆಯೂ ಅದೇ. ಒಣಗಿದ್ದರೆ ಮಾತ್ರ ಬೆಲೆ. ರಟ್ಟಿನ ನಾರು ಐದಾರು ಸಲ ಮತ್ತೆ ರಟ್ಟಾಗಬಲ್ಲದು, ಆದರೆ ಒಂದು ಮಳೆಗೆ ನೆನೆದು ಎಣ್ಣೆ ತಾಗಿದರೆ ಅಲ್ಲಿಗೆ ಮುಗಿಯಿತು. ಡಬ್ಬ ಚಪ್ಪಟೆ ಮಾಡಿ, ಟೇಪ್ ಕಿತ್ತು, ಒಳಗೇ ಕಟ್ಟಿಡಿ.

ಗುಜರಿಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ದೇಶದಲ್ಲಿ ಮರುಬಳಕೆ ನಡೆದಿದ್ದರೆ ಅದು ಜಾಸ್ತಿ ನಡೆದಿರುವುದು ಚಿಂದಿ ಆಯುವವರು, ತಳ್ಳುಗಾಡಿಯವರು, ಗುಜರಿ ಅಂಗಡಿಯವರ ಬೆವರಿನಿಂದ. ಬೀದಿಯಲ್ಲಿ ಆಯ್ದದ್ದು ಸಣ್ಣ ಗುಜರಿಗೆ, ಅಲ್ಲಿಂದ ದೊಡ್ಡ ವ್ಯಾಪಾರಿಗೆ, ಅಲ್ಲಿಂದ ಕಾರ್ಖಾನೆಗೆ. ಅಲ್ಯೂಮಿನಿಯಂ ಅನ್ನು ಅದಿರಿನಿಂದ ತೆಗೆಯುವುದಕ್ಕಿಂತ ಹಳೆಯದನ್ನು ಕರಗಿಸಿದರೆ 95 ಪರ್ಸೆಂಟ್ ಶಕ್ತಿ ಉಳಿಯುತ್ತದೆ. ಆ ಉಳಿತಾಯದ ಮೊದಲ ಮೆಟ್ಟಿಲಲ್ಲಿ ನಿಂತವರನ್ನು ನಾವು ಅಂಗಡಿ ಮುಂದೆ ನಿಲ್ಲಲೂ ಬಿಡುವುದಿಲ್ಲ. ಬೆಂಗಳೂರಿನಲ್ಲಿ ಹಸಿರು ದಳ ಅನ್ನುವ ಸಂಸ್ಥೆ ಅಂಥವರನ್ನೇ ಸೇರಿಸಿ ಗುರುತಿನ ಚೀಟಿ ಕೊಡಿಸಿತು. ಅವರಲ್ಲೇ ಎಷ್ಟೋ ಜನ ಒಣ ಕಸ ಸಂಗ್ರಹ ಕೇಂದ್ರ ನಡೆಸುತ್ತಿದ್ದಾರೆ. ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಸುತ್ತಲಿನ ಪಂಚಾಯ್ತಿಗಳ ಒಣ ಕಸವನ್ನು ಒಂದೇ ಕಡೆ ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕ ಇದೆ. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಬಡಾವಣೆಯ ಮಟ್ಟದಲ್ಲೇ ಇದನ್ನು ಮಾಡಿ ತೋರಿಸಿದರು. ನಮ್ಮ ಬೀದಿಯಲ್ಲೂ ಗೊತ್ತಿರುವ ಒಬ್ಬ ಗುಜರಿಯವರಿಗೆ ದಿನ, ಹೊತ್ತು ನಿಗದಿ ಮಾಡಿ ಕೊಡಿ. ಅವರ ಸಂಪಾದನೆಗೆ ಒಂದು ಭರವಸೆ ಸಿಗುತ್ತದೆ.

ಮಂಡಕ್ಕಿ ಭಟ್ಟಿಯವರೂ ಬಂದಿದ್ದೀರಿ. ಭಟ್ಟಿಗೆ ಭತ್ತದ ಹೊಟ್ಟು ಉರಿಸಿದರೆ ಸುಮಾರು ಐದನೇ ಒಂದು ಭಾಗ ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಸಿಲಿಕಾ ತುಂಬಿದೆ, ಇಟ್ಟಿಗೆ ಮಾಡುವವರಿಗೆ ಬೇಕು, ಚರಂಡಿಗೆ ಹಾಕಬೇಡಿ. ಹಳೇ ಟೈರ್, ರೆಗ್ಜಿನ್, ಪ್ಲಾಸ್ಟಿಕ್ ಮಾತ್ರ ಯಾವ ಕಾರಣಕ್ಕೂ ಒಲೆಗೆ ಹಾಕಬಾರದು. ಆ ಹೊಗೆ ಮೊದಲು ಹೋಗುವುದು ಭಟ್ಟಿ ಮುಂದೆ ಕೂತ ಹೆಣ್ಣುಮಕ್ಕಳ ಎದೆಗೆ. ಅಂಗಡಿ ಮುಂದೆ ಕಸ ಗುಡಿಸಿ ಬೆಂಕಿ ಹಚ್ಚುವವರಿಗೂ ಇದೇ ಮಾತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಹೇಳಿದೆ.

ನಿಷೇಧದ ಪಟ್ಟಿ ನಿಮಗೆಲ್ಲ ಗೊತ್ತಿದೆ. ಕರ್ನಾಟಕದಲ್ಲಿ 2016ರ ಮಾರ್ಚಿನಿಂದ, ದೇಶಕ್ಕೆಲ್ಲ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಬಂದ್. ಸ್ವೀಟ್ ಬಾಕ್ಸ್ ಮೇಲೆ ಸುತ್ತುವ ತೆಳು ಹಾಳೆಯೂ ಅದರಲ್ಲಿದೆ, ಅದನ್ನು ಮರೆತವರು ಬಹಳ.

ಈಗ ಬೀದಿ ಸೇರುವುದು ಹೇಗೆ ಅಂತ ಹೇಳುತ್ತೇನೆ. ಮೊದಲು ಒಂದು ವಾರ ತೂಗಿ. ಹಸಿ ಎಷ್ಟು, ರಟ್ಟು-ಕಾಗದ ಎಷ್ಟು, ಪ್ಲಾಸ್ಟಿಕ್ ಎಷ್ಟು, ಯಾರಿಗೂ ಬೇಡದ್ದು ಎಷ್ಟು. ಪ್ರತಿ ಅಂಗಡಿ ಒಂದು ಹಾಳೆ. ವಾರದ ಕೊನೆಗೆ ಹಾಳೆಗಳನ್ನು ಕೂಡಿಸಿದರೆ ಬೀದಿಯ ಲೆಕ್ಕ ಸಿಗುತ್ತದೆ. ಆ ಲೆಕ್ಕ ಹಿಡಿದು ಪಾಲಿಕೆಯ ಆರೋಗ್ಯ ನಿರೀಕ್ಷಕರ ಹತ್ತಿರ ಹೋಗಿ, "ನಮ್ಮ ಬೀದಿಯಲ್ಲಿ ಇಷ್ಟು ಕಸ ಹುಟ್ಟುತ್ತದೆ, ರಾತ್ರಿ ಇಷ್ಟು ಹೊತ್ತಿಗೆ ಗಾಡಿ ಕಳಿಸಿ" ಅಂತ ಕೇಳಿ. ಅಂಕಿ ಇಲ್ಲದ ದೂರಿಗೆ ಬೆಲೆ ಕಮ್ಮಿ. ಅಂಕಿ ಇದ್ದರೆ ಗಾಡಿ ಎಷ್ಟು ಟ್ರಿಪ್ ಹೊಡೆಯಬೇಕು ಅಂತ ಅವರಿಗೂ ತಿಳಿಯುತ್ತದೆ. ಖಾಸಗಿ ಸಂಗ್ರಹಕಾರರಿಗೆ ಕೊಡುವುದಾದರೆ ಒಪ್ಪಂದದಲ್ಲಿ ಮೂರು ಮಾತು ಇರಲೇಬೇಕು. ತೂಗಿದ ಚೀಟಿ ಕೊಡಬೇಕು, ಎಲ್ಲಿಗೆ ಒಯ್ಯುತ್ತಾರೆ ಅಂತ ಬರೆಯಬೇಕು, ನಾವು ಯಾವಾಗ ಬೇಕಾದರೂ ಹೋಗಿ ನೋಡಬಹುದು. ಇದಕ್ಕೆ ಒಪ್ಪದವರು ನಿಮ್ಮ ಕಸವನ್ನು ಯಾವುದೋ ಹಳ್ಳದ ಬದಿಗೆ ಸುರಿಯುವವರೇ ಇರಬಹುದು. ಅಗ್ಗ ಅಂತ ಅಂಥವರಿಗೆ ಕೊಡಬೇಡಿ.

ಇನ್ನು ನಿಮ್ಮ ಪ್ರಶ್ನೆಗಳು.

ಖಾನಾವಳಿ ನಡೆಸುವ ಅಕ್ಕ ಒಬ್ಬರು ಕೇಳಿದರು: "ಮೇಡಂ, ರೊಟ್ಟಿ ಬಡಿಯೋಕೇ ಜಾಗ ಇಲ್ಲ. ನಾಲ್ಕು ಡಬ್ಬ ಎಲ್ಲಿಡಲಿ?"

ನಾಲ್ಕೂ ಒಂದೇ ಗಾತ್ರ ಇರಬೇಕಿಲ್ಲ ಅಕ್ಕಾ. ನಿಮ್ಮಲ್ಲಿ ಹುಟ್ಟುವುದು ಹೆಚ್ಚಾಗಿ ಹಸಿ ಕಸ. ಅದಕ್ಕೆ ಮುಚ್ಚಳದ ದೊಡ್ಡ ಬಕೆಟ್ ಒಂದು, ತಟ್ಟೆ ತೊಳೆಯುವ ಜಾಗದಲ್ಲೇ ಇರಲಿ. ಒಣದಕ್ಕೆ ಗೋಡೆಯ ಮೊಳೆಗೆ ಒಂದು ಚೀಲ ನೇತು ಹಾಕಿ. ಉಳಿದೆರಡು ನಿಮ್ಮಲ್ಲಿ ದಿನಾ ಹುಟ್ಟುವುದೇ ಇಲ್ಲ, ಹಳೇ ಡಬ್ಬಿ ಸಾಕು. ಎಂಜಲು ಬಕೆಟ್ಟಿಗೆ ಟಿಶ್ಯೂ, ಕವರ್ ಬೀಳದ ಹಾಗೆ ತಟ್ಟೆ ಎತ್ತುವ ಹುಡುಗರಿಗೆ ಹೇಳಿಕೊಡಿ. ಅವರು ಕೈಯಲ್ಲಿ ತಟ್ಟೆ ಹಿಡಿದ ಆ ಗಳಿಗೆಯಲ್ಲೇ ಕಸ ಬೇರೆ ಆಗಬೇಕು. ಆಮೇಲೆ ಬೇರೆ ಮಾಡುವುದು ಯಾರಿಂದಲೂ ಆಗುವುದಿಲ್ಲ.

ಬಟ್ಟೆ ಅಂಗಡಿಯ ಯುವಕರೊಬ್ಬರು ಖಾರವಾಗಿಯೇ ಕೇಳಿದರು: "ನಾವು ಬೇರೆ ಮಾಡಿ ಕೊಡ್ತೀವಿ. ಗಾಡಿಯಲ್ಲಿ ಎಲ್ಲ ಒಂದೇ ಕಡೆ ಸುರೀತಾರೆ. ಮತ್ಯಾಕೆ ಮಾಡಬೇಕು?"

ಹಾಗೆ ಆಗುತ್ತದೆ, ಸಿಟ್ಟು ಬರುವುದು ಸಹಜ. ಎರಡು ಭಾಗ ಇಲ್ಲದ ಗಾಡಿಗೆ ಬೇರೆ ಮಾಡಿದ ಕಸ ಹಾಕಿದರೆ ನಿಮ್ಮ ಕೆಲಸ ನೀರುಪಾಲು. ಆದರೆ ನೋಡಿ, ನಿಮ್ಮ ಕಸದ ಬಹುಪಾಲು ರಟ್ಟು ಮತ್ತು ಕವರ್. ಅದು ಆ ಗಾಡಿಗೆ ಹೋಗಬೇಕಾಗಿಯೇ ಇಲ್ಲ, ನೇರ ಗುಜರಿಗೆ ಹೋಗಲಿ. ಹೋಟೆಲ್‌ಗಳ ಹಸಿ ಕಸ ಗ್ಯಾಸಿಗೋ ಗೊಬ್ಬರಕ್ಕೋ ಬೇರೆ ಗಾಡಿಯಲ್ಲಿ ಹೋಗಲಿ. ಆಗ ಪಾಲಿಕೆ ಗಾಡಿಗೆ ಉಳಿಯುವುದು ಚೂರುಪಾರು. ಬೆರೆಸಿ ಒಯ್ಯುವುದು ಕಂಡರೆ ಫೋಟೋ, ದಿನ, ಹೊತ್ತು ಸಮೇತ ಬೀದಿಯವರೆಲ್ಲರ ಸಹಿ ಹಾಕಿ ಬರೆದು ಕೊಡಿ. ಗಾಡಿ ಹುಡುಗನ ಮೇಲೆ ರೇಗಬೇಡಿ, ಅವನಿಗೆ ಕೊಟ್ಟ ಗಾಡಿಯೇ ಹಾಗಿದೆ.

ಕಿರಾಣಿ ಅಂಗಡಿಯ ಹಿರಿಯರು ಎದ್ದು ನಿಂತು ಹೇಳಿದರು: "ಚಿಪ್ಸ್ ಪ್ಯಾಕೆಟ್ ಮಾಡಿದ್ದು ಕಂಪನಿ. ಬೈಯಿಸಿಕೊಳ್ಳೋದು ನಾವು."

ಸರಿಯಾದ ಮಾತು, ಯಜಮಾನರೇ. ಆ ಪ್ಯಾಕೆಟ್ ಹಲವು ಪದರದ್ದು, ಬೇರೆ ಮಾಡಲು ಬರುವುದಿಲ್ಲ, ಗುಜರಿಯಲ್ಲಿ ಬೆಲೆ ಇಲ್ಲ. ಕೊನೆಗೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋದರೆ ಅದೇ ಹೆಚ್ಚು. ಹಾಗಾಗಿಯೇ 2022ರಲ್ಲಿ ಪ್ಲಾಸ್ಟಿಕ್ ಪ್ಯಾಕಿಂಗ್ ಮಾಡುವ ಕಂಪನಿಗಳ ಮೇಲೆ ಅದನ್ನು ವಾಪಸ್ ಸಂಗ್ರಹಿಸುವ ಹೊಣೆ ಹಾಕಿ ಮಾರ್ಗಸೂಚಿ ಬಂತು. ನೀವು ಒಬ್ಬರೇ ಕೇಳಿದರೆ ಏಜೆಂಟ್ ತಲೆ ಆಡಿಸಿ ಹೋಗುತ್ತಾನೆ. ಮಂಡಿಪೇಟೆಯ ಅಂಗಡಿಗಳೆಲ್ಲ ಸೇರಿ ಖಾಲಿ ಪ್ಯಾಕೆಟ್ ಮೂಟೆ ಕಟ್ಟಿಟ್ಟು, ತೂಕ ಬರೆದು, "ನಿಮ್ಮ ಕಂಪನಿಯ ಮಾಲು ಇಷ್ಟಿದೆ, ಒಯ್ಯುವ ವ್ಯವಸ್ಥೆ ಮಾಡಿ" ಅಂತ ವಿತರಕರಿಗೆ ಪತ್ರ ಕೊಡಿ, ಪ್ರತಿಯನ್ನು ಪಾಲಿಕೆಗೂ ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ.

ಕ್ಲಿನಿಕ್ ನಡೆಸುವವರು ಸಿರಿಂಜ್ ಬಗ್ಗೆ ಕೇಳಿದರು. ಅದು ಈ ಯಾವ ಡಬ್ಬಕ್ಕೂ ಬರಬಾರದು. ವೈದ್ಯಕೀಯ ಕಸಕ್ಕೆ 2016ರ ನಿಯಮವೇ ಬೇರೆ ಇದೆ. ಹಳದಿ, ಕೆಂಪು, ಬಿಳಿ, ನೀಲಿ ಅಂತ ಬಣ್ಣದ ಪ್ರಕಾರ ಬೇರೆ ಮಾಡಿ, 48 ಗಂಟೆಯ ಒಳಗೆ ಅದಕ್ಕೆಂದೇ ಇರುವ ಸಂಸ್ಥೆಗೆ ಕೊಡಬೇಕು.

ಕೊನೆಗೆ ಒಬ್ಬರು, ಯಾವ ಬೀದಿಯಿಂದ ಶುರು ಮಾಡೋಣ ಅಂದರು. ಹೋಟೆಲ್ಲೂ ಬಟ್ಟೆ ಅಂಗಡಿಯೂ ಕಿರಾಣಿಯೂ ಬೆರೆತಿರುವ ಬೀದಿ ಒಳ್ಳೆಯದು, ಎಲ್ಲ ಬಗೆಯ ಕಸದ ಲೆಕ್ಕ ಸಿಗುತ್ತದೆ. ತಕ್ಕಡಿ ಕಿರಾಣಿಯವರ ಹತ್ತಿರ ಇದೆ. ಬರುವ ಸೋಮವಾರದಿಂದ ಭಾನುವಾರದವರೆಗೆ ತೂಗಿ. ಭಾನುವಾರ ಬಿಡಬೇಡಿ, ಅವತ್ತು ಬಟ್ಟೆ ಅಂಗಡಿ ಕಸ ಕಮ್ಮಿಯಾಗಿ ಹೋಟೆಲ್ ಕಸ ಏರಬಹುದು. ಗಾಡಿ ಕೇಳುವಾಗ ಆ ದಿನದ ಅಂಕಿ ಬೇಕಾಗುತ್ತದೆ. ಹಾಳೆಯ ನಮೂನೆಯನ್ನು ಬಾಗಿಲ ಹತ್ತಿರದ ಮೇಜಿನ ಮೇಲೆ ಇಟ್ಟಿದ್ದೇನೆ. ಹೋಗುವಾಗ ನಿಮ್ಮ ಅಂಗಡಿಗೆ ಒಂದು, ಪಕ್ಕದ ಅಂಗಡಿಗೆ ಒಂದು ತೆಗೆದುಕೊಂಡು ಹೋಗಿ.